ಅಪ್‌ಡೇಟ್: ಮಗನ ಕಣ್ಣು ಮಿಟುಕು, ಗಂಟಲ ಸದ್ದು

ಎಂಟು ವರ್ಷದ ಮಗ ಪದೇ ಪದೇ ಕಣ್ಣು ಮಿಟುಕಿಸ್ತಾನೆ, ಭುಜ ಎಗರಿಸ್ತಾನೆ, ಗಂಟಲು ಕೆರೆದಂತೆ ಸದ್ದು ಮಾಡ್ತಾನೆ, ಇದು ಬರೀ ಚಟವಾ ಅಂತ ಕೇಳಿದ್ದೆ. ತುಂಬಾ ಜನ ಉತ್ತರ ಕೊಟ್ಟಿರಿ, ಥ್ಯಾಂಕ್ಸ್.

ಬಾಗಲಕೋಟೆಯ ನವನಗರದಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಮನೆಯಲ್ಲಿ ತೆಗೆದ ವಿಡಿಯೋ ನೋಡಿ ಟಿಕ್ಸ್ ಅಂದರು, ಅಂದ್ರೆ ಪದೇ ಪದೇ ತಟ್ಟನೆ ಆಗೋ ಚಲನೆ ಅಥವಾ ಸದ್ದು. ವಿಡಿಯೋ ಒಯ್ಯಿರಿ ಅಂದವರಿಗೆ ವಿಶೇಷ ಥ್ಯಾಂಕ್ಸ್. ಡಾಕ್ಟರ್ ಮುಂದೆ ಇವನು ಗೊಂಬೆ ಹಾಗೆ ಕೂತಿದ್ದ!

ಕಣ್ಣು, ಭುಜದ್ದು ಮೋಟಾರ್ ಟಿಕ್. ಗಂಟಲಿನದ್ದು ವೋಕಲ್ ಟಿಕ್. ಬೇಕಂತ ಮಾಡೋದಲ್ಲ. ಮೊದಲು ಒಳಗೊಂದು ಕಿರಿಕಿರಿ ಏಳುತ್ತೆ, ಮಾಡಿದ ಮೇಲೆ ಹಗುರ ಅನಿಸುತ್ತೆ. ಸ್ವಲ್ಪ ಹೊತ್ತು ತಡೆಯಬಹುದು, ಆದರೆ ಅದಕ್ಕೆ ಬಹಳ ಶ್ರಮ ಬೇಕು. ಶಾಲೆಯಲ್ಲಿ ಸುಮ್ನಿದ್ದವನು ಮನೆಗೆ ಬಂದ ತಕ್ಷಣ ಜಾಸ್ತಿ ಮಾಡೋದು ಯಾಕೆ ಅಂತ ಈಗ ಗೊತ್ತಾಯ್ತು.

ಟುರೆಟ್ (ಬಹುಕಾಲ ಇರೋ ಒಂದು ಟಿಕ್ಸ್ ಸಮಸ್ಯೆ) ಅಂತ ಹೆದರಿಸಿದವರೂ ಇದ್ದರು. ಅದಕ್ಕೆ 18 ವರ್ಷದೊಳಗೆ ಶುರುವಾಗಿರಬೇಕು, ಒಂದಕ್ಕಿಂತ ಹೆಚ್ಚು ಮೋಟಾರ್ ಟಿಕ್, ಕನಿಷ್ಠ ಒಂದು ವೋಕಲ್ ಟಿಕ್ ಇರಬೇಕು, ಮೊದಲ ಟಿಕ್ ಕಂಡು ವರ್ಷ ದಾಟಿರಬೇಕು. ನಮ್ಮವನಿಗೆ ಶುರುವಾಗಿ ಇನ್ನೂ ವರ್ಷ ಆಗಿಲ್ಲ. ಇನ್ನು ಟುರೆಟ್ ಅಂದ್ರೆ ತಡೆಯಲಾಗದೆ ಬೈಗುಳ ಆಡೋದು ಅನ್ನೋದು ಸಿನಿಮಾ ಕಥೆ, ಕೆಲವರಲ್ಲಿ ಮಾತ್ರ ಹಾಗಾಗುತ್ತೆ.

ಸದ್ಯ ಮಾತ್ರೆ ಇಲ್ಲ. ಟಿಕ್ಸ್ ಏರಿಳಿಯುತ್ತವೆ, 10–12ರ ವಯಸ್ಸಿನಲ್ಲಿ ಜೋರಾಗಿ ಆಮೇಲೆ ಹಲವರಲ್ಲಿ ಇಳಿಯುತ್ತವಂತೆ. ತೊಂದರೆಯಾದರೆ ವರ್ತನಾ ಚಿಕಿತ್ಸೆ (ಟಿಕ್ ನಿಭಾಯಿಸೋದು ಕಲಿಸೋ ತರಬೇತಿ) ಇದೆ. ಅಲ್ಲಿಯವರೆಗೆ ಮಾಡಬೇಡ ಅಂತ ಪದೇ ಪದೇ ಹೇಳಬೇಡಿ ಅಂದಿದ್ದಾರೆ. ಅಜ್ಜಿ ಮಾತ್ರ ದೃಷ್ಟಿ ತೆಗೆಯೋದು ಬಿಟ್ಟಿಲ್ಲ, ತೆಗೀಲಿ ಬಿಡಿ. ಕ್ಲಾಸ್ ಟೀಚರಿಗೆ ಸೋಮವಾರ ಹೇಳಬೇಕು.