ಎರಡು ಅಂತಸ್ತಿನ ಕೇಕ್ ಕುಸಿಯದಂತೆ ನಿಲ್ಲಿಸುವುದು ಹೇಗೆ?

ಪ್ರಶ್ನೆ (ಹುಬ್ಬಳ್ಳಿಯ ಗೃಹಿಣಿ)

ನಮಸ್ಕಾರ. ಮೇ ತಿಂಗಳಲ್ಲಿ ನಮ್ಮ ಅತ್ತೆ-ಮಾವನವರ ಮದುವೆಗೆ 50 ವರ್ಷ ತುಂಬುತ್ತದೆ. ಆ ದಿನಕ್ಕೆ ಮೊಟ್ಟೆಯಿಲ್ಲದ ಎರಡು ಅಂತಸ್ತಿನ ಕೇಕನ್ನು, ಕೆಳಗೆ 9 ಇಂಚು ಮತ್ತು ಮೇಲೆ 6 ಇಂಚಿನದನ್ನು, ಮನೆಯಲ್ಲೇ ಮಾಡಬೇಕೆಂದಿದ್ದೇನೆ. ಆದರೆ ಕಳೆದ ವರ್ಷ ಮಗಳ ಹುಟ್ಟುಹಬ್ಬಕ್ಕೆ ಇದೇ ಅಳತೆಯಲ್ಲಿ ಮಾಡಿದ್ದಾಗ, ನೆಂಟರು ಬರುವಷ್ಟರಲ್ಲಿ ಮೇಲಿನ ಕೇಕ್ ಒಂದು ಬದಿಗೆ ವಾಲಿ, ಕೆಳಗಿನದರ ಹೊಟ್ಟೆ ಉಬ್ಬಿ, ನಡುವಿನ ಅನಾನಸ್ ರಸವೆಲ್ಲ ಕ್ರೀಮಿನಿಂದ ಹೊರಗೆ ಜಿನುಗಿತ್ತು. ಒಳಗೆ ಸ್ಟ್ರಾ ಚುಚ್ಚಬೇಕೆಂದು ಕೆಲವರು, ಬಿದಿರಿನ ಕಡ್ಡಿಯೇ ಆಗಬೇಕೆಂದು ಇನ್ನು ಕೆಲವರು ಹೇಳುತ್ತಾರೆ. ಯಾವುದು ಸರಿ, ಎಷ್ಟು ಬೇಕು, ಜೋಡಿಸಿದ ಕೇಕನ್ನು 10 ಕಿಲೋಮೀಟರ್ ದೂರದ ಕಲ್ಯಾಣ ಮಂಟಪಕ್ಕೆ ಒಯ್ಯಬಹುದೇ ಎಂಬುದನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಮಂಗಳೂರಿನ ಹೋಮ್ ಬೇಕರ್)

ಮೇಲಿನ ಕೇಕಿನ ಭಾರವನ್ನು ಕೆಳಗಿನ ಸ್ಪಂಜ್ ಹೊರಬೇಕಾಗಿ ಬಂದದ್ದೇ ನಿಮ್ಮ ತೊಂದರೆಗೆ ಮೂಲ. ತಾರಸಿಯ ಭಾರ ಕಂಬಗಳ ಮೂಲಕ ಅಡಿಪಾಯಕ್ಕೆ ಇಳಿಯುವಂತೆ, ಇಲ್ಲಿಯೂ ಭಾರವು ಮೇಲಿನ ಕೇಕಿನ ಅಡಿಯ ಬೋರ್ಡಿನಿಂದ ಸ್ಟ್ರಾಗಳಿಗೆ, ಅಲ್ಲಿಂದ ಕೆಳಗಿನ ಗಟ್ಟಿ ಬೋರ್ಡಿಗೆ ಇಳಿಯಬೇಕು. ಬೋರ್ಡ್ ಇಡದೆ ಸ್ಟ್ರಾ ಮಾತ್ರ ಚುಚ್ಚಿದರೆ ಅವು ಮೇಲಿನ ಕೇಕಿನೊಳಗೇ ತೂರಿಬಿಡುತ್ತವೆ.

ಎಳನೀರಿಗೆ ಕೊಡುವ ಸಣ್ಣ ಸ್ಟ್ರಾ ಬಾಗುತ್ತದೆ. ಕೇಕಿಗೆ ಆಸರೆಯಾಗಿ ನೆಡಲೆಂದೇ ಮಾರುವ ದಪ್ಪ ಪ್ಲಾಸ್ಟಿಕ್ ಸ್ಟ್ರಾ ತನ್ನಿರಿ. ಕಾಗದದ್ದು ಒದ್ದೆಯಾಗಿ ಮೆತ್ತಗಾಗುವುದರಿಂದ ಬೇಡ. ಕೆಳಗಿನ ಕೇಕಿನ ಮೇಲೆ 6 ಇಂಚಿನ ಡಬ್ಬಿಯನ್ನು ಮೆಲ್ಲಗೆ ಒತ್ತಿ ಗುರುತು ಮಾಡಿ, ಆ ವೃತ್ತದ ಅಂಚಿನಿಂದ ಒಂದಿಂಚು ಒಳಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಸ್ಟ್ರಾಗಳು ಸಾಕು.

ಹೆಚ್ಚಿನವರು ಎಡವುವುದು ಕತ್ತರಿಸುವಾಗ. ಪ್ರತಿಯೊಂದನ್ನೂ ಅದು ಚುಚ್ಚಿಕೊಂಡ ಜಾಗದ ಎತ್ತರಕ್ಕೇ ಕತ್ತರಿಸಿದರೆ, ಕೇಕಿನ ಮೇಲ್ಮೈಯಲ್ಲಿರುವ ಏರುತಗ್ಗು ಹಾಗೆಯೇ ಬೋರ್ಡಿಗೆ ದಾಟಿ ಮೇಲಿನ ಕೇಕ್ ವಾಲುತ್ತದೆ. ಅದಕ್ಕೆ ಬದಲಾಗಿ ಮೇಲ್ಮೈ ಅತಿ ಎತ್ತರವಿರುವ ಕಡೆ ಒಂದನ್ನು ತಳ ಮುಟ್ಟುವವರೆಗೆ ಚುಚ್ಚಿ, ಗುರುತು ಹಾಕಿ, ಹೊರತೆಗೆದು ಕತ್ತರಿಸಿ, ಉಳಿದ ನಾಲ್ಕನ್ನೂ ಅದರ ಪಕ್ಕದಲ್ಲಿಟ್ಟು ಅದೇ ಉದ್ದಕ್ಕೆ ಕತ್ತರಿಸಿರಿ.

ಉತ್ತರ (ಬೆಂಗಳೂರಿನಿಂದ)

ಮೇಲಿನವರು ಹೇಳಿದ್ದು ಸರಿಯಾದರೂ, ಕಂಬ ನೆಟ್ಟಮಾತ್ರಕ್ಕೆ ಹೂರಣ ಜಾರುವುದು ನಿಲ್ಲುವುದಿಲ್ಲ. ಅನಾನಸ್ ಹೋಳುಗಳನ್ನು ಚೆನ್ನಾಗಿ ಬಸಿದು, ಸಕ್ಕರೆ ಮತ್ತು ಸ್ವಲ್ಪ ಕಾರ್ನ್‌ಫ್ಲೋರ್ ಹಾಕಿ ಗಟ್ಟಿಯಾಗುವವರೆಗೆ ಕುದಿಸಿ, ಪೂರ್ತಿ ಆರಿದ ಮೇಲೆ ಬಳಸಿರಿ. ಅದನ್ನು ಹರಡುವ ಮೊದಲು ಸ್ಪಂಜಿನ ಅಂಚಿನುದ್ದಕ್ಕೂ ಗಟ್ಟಿ ಕ್ರೀಮಿನಿಂದ ಬದು ಕಟ್ಟಬೇಕು. ಮೇ ತಿಂಗಳ ಹುಬ್ಬಳ್ಳಿಯ ಸೆಕೆಯಲ್ಲಿ ಬೆಣ್ಣೆ ಕ್ರೀಮನ್ನು ನಾನಂತೂ ನಂಬುವುದಿಲ್ಲ. ತೂಕದಲ್ಲಿ ಎರಡು ಪಾಲು ಡಾರ್ಕ್ ಚಾಕೊಲೇಟಿಗೆ ಒಂದು ಪಾಲು ಕ್ರೀಮ್ ಸೇರಿಸಿ ಮಾಡಿದ ಗನಾಶನ್ನು ಹೊರಗೆ ಬಳಿದು, ಎರಡೂ ಕೇಕುಗಳನ್ನು ಬೇರೆಬೇರೆಯಾಗಿ ಇಡೀ ರಾತ್ರಿ ಫ್ರಿಡ್ಜಿನಲ್ಲಿಟ್ಟರೆ ಅದು ಚಿಪ್ಪಿನಂತೆ ಬಿಗಿಯುತ್ತದೆ.

ಮರುಪ್ರಶ್ನೆ (ಹುಬ್ಬಳ್ಳಿಯ ಗೃಹಿಣಿ)

ಇಬ್ಬರಿಗೂ ಧನ್ಯವಾದಗಳು. ಬಿದಿರಿನ ಕಡ್ಡಿಯ ಬಗ್ಗೆ ಯಾರೂ ಹೇಳಲಿಲ್ಲ. ಬೋರ್ಡಿಗೆ ಮಿಠಾಯಿ ಡಬ್ಬಿಯ ರಟ್ಟನ್ನು ಕತ್ತರಿಸಿಕೊಂಡರೆ ನಡೆಯುತ್ತದೆಯೇ?

ಉತ್ತರ (ಮಂಗಳೂರಿನ ಹೋಮ್ ಬೇಕರ್)

ಒಂದೇ ರಟ್ಟು ತೇವ ಹೀರಿ ಬಾಗುತ್ತದೆ. ಮೂರನ್ನು ಅಂಟಿಸಿ, ಅಲ್ಯೂಮಿನಿಯಂ ಹಾಳೆ ಸುತ್ತಿದರೆ ಆಗಬಹುದು, ಆದರೆ ಅಂಗಡಿಯ 6 ಇಂಚಿನ ಬೋರ್ಡಿಗೆ ಹೆಚ್ಚು ಬೆಲೆಯೇನಿಲ್ಲ. ಬಿದಿರಿನ ಕಡ್ಡಿ ತೆಳ್ಳಗಿರುವುದರಿಂದ ನೇರ ನಿಲ್ಲದೆ ಓರೆಯಾಗುತ್ತದೆ, ಸಿಬಿರು ಏಳುವ ಭಯವೂ ಇದೆ.

ಜೋಡಿಸಿ ಒಯ್ಯುವುದಂತೂ ಬೇಡ. ಎರಡನ್ನೂ ಬೇರೆ ಡಬ್ಬಿಗಳಲ್ಲಿಟ್ಟು, ಇಳಿಜಾರಿರುವ ಸೀಟಿನ ಮೇಲಲ್ಲದೆ ಕಾರಿನ ಸಮತಟ್ಟಾದ ನೆಲದ ಮೇಲೆ, ಎಸಿ ಹಾಕಿಕೊಂಡು ಒಯ್ದು, ಮಂಟಪದಲ್ಲಿ ಜೋಡಿಸಿರಿ. ಸ್ಟ್ರಾಗಳನ್ನು ಮಾತ್ರ ಮನೆಯಲ್ಲೇ ನೆಟ್ಟಿರಿ. ಅತ್ತೆ-ಮಾವನವರಿಗೆ ಮೇಲಿನ ಕೇಕನ್ನಷ್ಟೇ, ಚಾಕು ಬೋರ್ಡಿಗೆ ತಾಗುವವರೆಗೆ, ಕತ್ತರಿಸಲು ಹೇಳಿ. ಆಮೇಲೆ ಅದನ್ನು ಬೋರ್ಡಿನ ಸಮೇತ ಎತ್ತಿ ಪಕ್ಕಕ್ಕಿಟ್ಟು, ಐದೂ ಸ್ಟ್ರಾಗಳನ್ನು ಎಣಿಸಿ ತೆಗೆದ ನಂತರವೇ ಕೆಳಗಿನದನ್ನು ಹಂಚಿರಿ. ಒಮ್ಮೆ ನಮ್ಮ ಮನೆಯಲ್ಲಿ ನಾಲ್ಕೇ ಸಿಕ್ಕು, ಐದನೆಯದು ಭಾವನವರ ತಟ್ಟೆಗೆ ಹೋಗಿತ್ತು.