ಅಜ್ಜಿಗೆ ಗರ್ಭಕೋಶ ಜಾರಿದೆ, ಆಪರೇಷನ್ ಬೇಡ ಅಂತಾರೆ. ಯೋನಿಯೊಳಗೆ ಇಟ್ಟು ಗರ್ಭಕೋಶ ತಡೆಯೋ ಉಂಗುರ (ಪೆಸರಿ) ಹಾಕಿಸಬಹುದಾ?

ಆಶಾ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ:
ವಯಸ್ಸು 68, ಆರು ಹೆರಿಗೆ. ನಿಂತರೆ ಗರ್ಭಕೋಶ ಹೊರಗೇ ಬರುತ್ತೆ, ಮಲಗಿದರೆ ಒಳಗೆ ಹೋಗುತ್ತೆ. ಹಳೇ ಸೀರೆ ಬಟ್ಟೆ ಬಿಗಿದು ಕಟ್ಟಿಕೊಂಡೇ ಹೊಲಕ್ಕೆ ಹೋಗ್ತಾರೆ. ಮೂತ್ರ ಪೂರ್ತಿ ಆಗಲ್ಲ. ಬಿಪಿ, ಶುಗರ್ ಇರೋದರಿಂದ ಆಪರೇಷನ್ ಅಂದರೆ ಭಯ. ಉಂಗುರದಲ್ಲಿ ಆಗುತ್ತಾ, ವ್ಯಾಯಾಮದಲ್ಲೇ ಆಗುತ್ತಾ?

ಸ್ಟಾಫ್ ನರ್ಸ್, ಸ್ತ್ರೀರೋಗ ವಿಭಾಗ:
ಉಂಗುರ ಖಂಡಿತ ಹಾಕಿಸಬಹುದು ಅಕ್ಕಾ. ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಮೊದಲು ಹುಣ್ಣಿದೆಯಾ ನೋಡ್ತಾರೆ. ಹೊರಬಂದ ಭಾಗ ಒಣಗಿ, ಬಟ್ಟೆ ತಿಕ್ಕಿ ಹುಣ್ಣಾಗಿರಬಹುದು. ಇದ್ದರೆ ಒಳಗೆ ತಳ್ಳಿ, ಗ್ಲಿಸರಿನ್-ಆಕ್ರಿಫ್ಲೇವಿನ್ ಔಷಧಿಯಲ್ಲಿ ನೆನೆಸಿದ ಗಾಜ್ ಬಟ್ಟೆ ಇಟ್ಟು ಮಾಯಿಸ್ತಾರೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಮಾಯೋದು ನಿಧಾನ. ಅರಿಶಿನ, ಸುಣ್ಣ ಹಚ್ಚೋಕೆ ಬಿಡಬೇಡಿ.

ಉಂಗುರದ ಅಳತೆ ಮಿಲಿಮೀಟರಿನಲ್ಲಿ: 65, 70, 75 ಹೀಗೆ. ಹಾಕಿದ ತಕ್ಷಣ ಬಸ್ ಹತ್ತಿಸಬೇಡಿ. ಅಲ್ಲೇ ನಡೆಸಿ, ಕುಕ್ಕರಗಾಲಲ್ಲಿ ಕೂರಿಸಿ, ಕೆಮ್ಮಿಸಿ, ಒಂದು ಸಲ ಮೂತ್ರಕ್ಕೆ ಕಳಿಸಿ. ಜಾರಿ ಬಿದ್ದರೆ ದೊಡ್ಡದು ಬೇಕು. ನೋವಾದರೆ, ಮೂತ್ರ ಕಟ್ಟಿದರೆ ಚಿಕ್ಕದು ಬೇಕು. ಅಳತೆ ಸರಿಯಿದ್ದರೆ ಒಳಗೆ ಏನೋ ಇದೆ ಅಂತಲೇ ಗೊತ್ತಾಗಬಾರದು.

ತಪ್ಪೋದು ಆಮೇಲೆ. ಹಾಯಾಯ್ತು ಅಂತ ಮರೆತೇಬಿಡ್ತಾರೆ. ಮೂರು ತಿಂಗಳಿಗೊಮ್ಮೆ ತೆಗೆದು, ತೊಳೆದು, ಒಳಗೆ ಗಾಯ ಆಗಿದೆಯಾ ನೋಡಿ ಮತ್ತೆ ಹಾಕಬೇಕು. ವರ್ಷಗಟ್ಟಲೆ ಬಿಟ್ಟರೆ ಮಾಂಸದೊಳಗೆ ಹೂತುಹೋಗುತ್ತೆ, ಮೂತ್ರಚೀಲಕ್ಕೆ ತೂತು ಬೀಳಲೂಬಹುದು. ತಾರೀಖು, ಅಳತೆ ಎರಡನ್ನೂ ನಿಮ್ಮ ಡೈರಿಯಲ್ಲೇ ಬರೆದಿಡಿ, ಅಜ್ಜಿಯ ನೆನಪಿಗೆ ಬಿಡಬೇಡಿ.

ಫಿಸಿಯೋಥೆರಪಿಸ್ಟ್:
ಪೂರ್ತಿ ಹೊರಬಂದದ್ದನ್ನು ವ್ಯಾಯಾಮ ಒಳಗೆ ಸೇರಿಸಲ್ಲ. ಆದರೂ ಕಲಿಸಿ, ಮೂತ್ರ ಸೋರೋದು ಕಡಿಮೆಯಾಗುತ್ತೆ. ‘ಹೂಸು ತಡೆಯೋ ಹಾಗೆ ಬಿಗಿಹಿಡಿ’ ಅಂದರೆ ಕೂಡಲೇ ಅರ್ಥವಾಗುತ್ತೆ. ಐದು ಎಣಿಸೋವರೆಗೆ ಹಿಡಿದು, ಅಷ್ಟೇ ಹೊತ್ತು ಬಿಡಬೇಕು; 10 ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಉಸಿರು ಕಟ್ಟಿ ಹೊಟ್ಟೆ ಬಿಗಿದರೆ ಎಲ್ಲಾ ಕೆಳಕ್ಕೇ ಒತ್ತುತ್ತೆ. ಅವರ ಅಂಗೈಯನ್ನೇ ಹೊಟ್ಟೆ ಮೇಲಿಡಿಸಿ. ಹೊಟ್ಟೆ ಮೆತ್ತಗೇ ಇರಬೇಕು.

15 ಲೀಟರ್ ಕೊಡ ಅಂದರೆ ನೀರೇ 15 ಕೆಜಿ, ಅದನ್ನು ಬಿಡಿಸಿ. ಮಲಬದ್ಧತೆಯಾಗಿ ತಿಣುಕೋದು, ಒಲೆ ಹೊಗೆಯ ಕೆಮ್ಮು, ಇವೂ ಉಂಗುರವನ್ನು ಹೊರಗೆ ತಳ್ಳುತ್ತವೆ. ಮೂತ್ರಕ್ಕೆ ಹೆದರಿ ನೀರು ಕಡಿಮೆ ಕುಡಿಯೋರೇ ಜಾಸ್ತಿ. ಮಲ ಗಟ್ಟಿಯಾಗೋದು ಅದರಿಂದಲೂ.

ಆಶಾ ಕಾರ್ಯಕರ್ತೆ:
ಆಸ್ಪತ್ರೆಗೆ ಹೋಗೋವರೆಗೆ ಏನು ಮಾಡಿಸಲಿ? ಸೊಸೆಗೂ ಹೇಳಿಲ್ಲ ಅವರು.

ಸ್ಟಾಫ್ ನರ್ಸ್:
ಸೋಪಿನಲ್ಲಿ ಕೈ ತೊಳೆದು, ಸೊಂಟದ ಕೆಳಗೆ ದಿಂಬಿಟ್ಟು ಮಲಗಿ ಮೆತ್ತಗೆ ಒಳಗೆ ತಳ್ಳಿಕೊಳ್ಳಲಿ. ಮೂತ್ರಕ್ಕೆ ಕೂತಾಗಲೂ ಬೆರಳಿಂದ ಒಳಗೆ ಒತ್ತಿ ಹಿಡಿದರೆ ಪೂರ್ತಿ ಆಗುತ್ತೆ. ಬಟ್ಟೆ ಮೃದು ಹತ್ತಿಯದಿರಲಿ, ಬಿಸಿಲಲ್ಲಿ ಒಣಗಿರಲಿ. ಊದಿಕೊಂಡು ಒಳಗೆ ಹೋಗದಿದ್ದರೆ, ಮೂತ್ರ ನಿಂತೇಹೋದರೆ ಅವತ್ತೇ 108 ಕರೆಸಿ. ಮುಟ್ಟು ನಿಂತವರಿಗೆ ಒಂದು ಹನಿ ರಕ್ತ ಕಂಡರೂ ಹುಣ್ಣಿನದು ಅಂತ ಸುಮ್ಮನಾಗಬೇಡಿ, ಕ್ಯಾನ್ಸರ್ ಪರೀಕ್ಷೆ ಆಗಲೇಬೇಕು.

ಒಬ್ಬರು ಬಾಯಿಬಿಟ್ಟರೆ ಊರಲ್ಲಿ ಇನ್ನೂ ಇರ್ತಾರೆ. ಬಿಪಿ ನೋಡುವಾಗ, ಹತ್ತಿರ ಯಾರೂ ಇಲ್ಲದಿದ್ದಾಗ, ‘ಕೆಳಗ ಏನಾರ ಇಳದಂಗ ಆಗ್ತೈತೇನಬೇ ಯವ್ವಾ?’ ಅಂತ ಕೇಳಿ ನೋಡಿ.