56ಕೆ ಮೋಡೆಮ್‌ನಲ್ಲಿ ಒಂದು ಫೋಟೊಗೆ ಎಷ್ಟು ಹೊತ್ತು? ನೆಟ್‌ವರ್ಕ್ ಎಂಜಿನಿಯರ್ ಜತೆ ಪ್ರಶ್ನೋತ್ತರ

ಪ್ರಶ್ನೆ (ಕಂಪ್ಯೂಟರ್ ಟೀಚರ್, ಗದಗ): ನಮಸ್ಕಾರ ಸರ್. ಶಾಲೆಯಲ್ಲಿ ಈಗ 100 ಎಂಬಿಪಿಎಸ್ ಫೈಬರ್ ಇದೆ. ಫೋನ್ ಲೈನಿಗೆ ಮೋಡೆಮ್ ಜೋಡಿಸಿ ಇಂಟರ್‌ನೆಟ್ ಪಡೆಯುತ್ತಿದ್ದ ಹಳೆಯ ಡಯಲ್-ಅಪ್ ಬಗ್ಗೆ ಹೇಳುವಾಗ ಒಬ್ಬ ಹುಡುಗ, "ಆಗ ಒಂದು ಫೋಟೊ ಕಳಿಸೋಕೆ ಎಷ್ಟು ಹೊತ್ತು ಬೇಕಿತ್ತು ಟೀಚರ್?" ಅಂತ ಕೇಳಿದ. 4 ಎಂಬಿಯ ಫೋಟೊ ಅಂದರೆ 4000 ಕೆಬಿ, ಅದನ್ನು 56ರಿಂದ ಭಾಗಿಸಿದರೆ 71 ಸೆಕೆಂಡ್ ಬರುತ್ತದೆ. ಇದು ಸರಿನಾ?

ಉತ್ತರ (ನೆಟ್‌ವರ್ಕ್ ಎಂಜಿನಿಯರ್, ಹುಬ್ಬಳ್ಳಿ): ಇಲ್ಲ ಮೇಡಂ, 8ರ ಗುಣಾಕಾರ ಬಿಟ್ಟು ಹೋಗಿದೆ. 8 ಬಿಟ್ ಸೇರಿದರೆ 1 ಬೈಟ್. ಫೈಲಿನ ಅಳತೆ ಬೈಟ್‌ನಲ್ಲಿ, ಲೈನಿನ ವೇಗ ಬಿಟ್‌ನಲ್ಲಿ. ಮೆಣಸಿನಕಾಯಿ ದರವನ್ನು ಕ್ವಿಂಟಲ್‌ಗೆ ಹೇಳಿ, ತೂಕವನ್ನು ಕೆಜಿಯಲ್ಲಿ ತೋರಿಸಿದ ಹಾಗೆ. 56ಕೆ ಅಂದರೆ ಸೆಕೆಂಡಿಗೆ 56,000 ಬಿಟ್, ಅಂದರೆ 7,000 ಬೈಟ್. 40 ಲಕ್ಷ ಬೈಟ್‌ನ ಫೋಟೊ ಇಳಿಯಲು 571 ಸೆಕೆಂಡ್, ಅಂದರೆ ಒಂಬತ್ತೂವರೆ ನಿಮಿಷ.

ಆದರೆ ಹುಡುಗ ಕೇಳಿದ್ದು ಕಳಿಸೋದರ ಬಗ್ಗೆ ಅಲ್ವಾ? ಅಲ್ಲಿ ಕಥೆ ಬೇರೆ. 1998ರಲ್ಲಿ ಬಂದ ವಿ.90 ಮಾನದಂಡದ ಮೋಡೆಮ್‌ನಲ್ಲಿ 56 ಇದ್ದದ್ದು ಇಳಿಸುವಾಗ ಮಾತ್ರ. ಏರಿಸುವಾಗ ಹೆಚ್ಚೆಂದರೆ 33.6 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 33,600 ಬಿಟ್. ಹಾಗಾಗಿ ಸುಮಾರು 16 ನಿಮಿಷ ಬೇಕು. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ಟೆಲಿಕಾಂ ಕಂಪನಿ ವಿಎಸ್‌ಎನ್‌ಎಲ್ ಜನರಿಗೆ ಇಂಟರ್‌ನೆಟ್ ಕೊಡಲು ಶುರು ಮಾಡಿತು. ಆಗಿನ 9.6 ಕೆಬಿಪಿಎಸ್‌ನಲ್ಲಾದರೆ ಇದೇ ಫೋಟೊಗೆ ಸುಮಾರು 56 ನಿಮಿಷ. ಅಷ್ಟೂ ಹೊತ್ತು ಮನೆಯ ಫೋನ್ ಎಂಗೇಜ್!

ನಿಮ್ಮ ಫೈಬರ್‌ನಲ್ಲಿ ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಲೈನಿನ ವೇಗಗಳನ್ನೇ ಹೋಲಿಸಿದರೆ 56ಕೆಗಿಂತ ಸುಮಾರು 1,786 ಪಟ್ಟು.

ಪ್ರಶ್ನೆ (ಹಿಂದೆ ಸೈಬರ್ ಕೆಫೆ ನಡೆಸುತ್ತಿದ್ದವರು, ಧಾರವಾಡ): ಸರ್, ನಮಗೆ 56 ಅಂತ ಹೇಳಿ ಕನೆಕ್ಷನ್ ಕೊಟ್ಟಿದ್ದರು. ಡೌನ್‌ಲೋಡ್ ಬಾಕ್ಸ್‌ನಲ್ಲಿ ಬರ್ತಿದ್ದದ್ದು 4.5. ಇದು ಮೋಸ ಅಲ್ಲವೇನ್ರೀ?

ಉತ್ತರ: ಪೂರ್ತಿ ಮೋಸ ಅಲ್ರೀ. ಆ 4.5 ಕಿಲೋಬೈಟ್. ವಿಂಡೋಸ್ 1 ಕೆಬಿಗೆ 1024 ಬೈಟ್ ಹಿಡಿಯುತ್ತದೆ. 4.5 × 1024 × 8 ಮಾಡಿ, 36,864 ಬಿಟ್ ಬರುತ್ತದೆ. ಲೆಕ್ಕಕ್ಕೆ ಸುಮಾರು 37 ಕೆಬಿಪಿಎಸ್. ಉಳಿದದ್ದರಲ್ಲಿ ಸ್ವಲ್ಪ ಪ್ಯಾಕೆಟ್‌ಗಳ ಮೇಲ್ಖರ್ಚಿಗೆ ಹೋಗುತ್ತದೆ, ಸ್ವಲ್ಪ ಲೈನಿನ ಕಿರಿಕಿರಿಗೆ.

56 ಅನ್ನೋದು ಹೇಗೂ ಕಾಗದದ ಮೇಲಿನ ಸಂಖ್ಯೆ. ಡಿಜಿಟಲ್ ಎಕ್ಸ್‌ಚೇಂಜ್ ನಿಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಪ್ರತಿ ಅಳತೆಗೆ 8 ಬಿಟ್, ಒಟ್ಟು 64,000. ಅದರಲ್ಲಿ 7 ಬಿಟ್ ಮಾತ್ರ ನಂಬಬಹುದು ಅಂತ ಹಿಡಿದಾಗ 56,000 ಸಿಗುತ್ತದೆ. ಅದೂ ಎಕ್ಸ್‌ಚೇಂಜ್‌ನಿಂದ ಮನೆಯವರೆಗಿನ ತಾಮ್ರದ ತಂತಿ ಚೆನ್ನಾಗಿದ್ದರೆ. ತಂತಿ ಉದ್ದವಾದಷ್ಟೂ, ಜಾಯಿಂಟ್ ಜಾಸ್ತಿಯಾದಷ್ಟೂ ಮೋಡೆಮ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಿಮಗೆ ಕೋಪ ಬರಬೇಕಾದದ್ದು ಜಾಹೀರಾತಿನ ಮೇಲೆ. "ಗರಿಷ್ಠ" ಅನ್ನೋದನ್ನು ಸಣ್ಣಕ್ಷರದಲ್ಲಿ ಬರೆಯುವ ಚಾಳಿ ಇವತ್ತಿಗೂ ಹೋಗಿಲ್ಲ.

ಪ್ರಶ್ನೆ (ಗದಗದ ಟೀಚರ್): ಬರೀ ಅಕ್ಷರ ಕಳಿಸಿದರೆ? ಅದೂ ಕನ್ನಡದಲ್ಲಿ?

ಉತ್ತರ: ಇದನ್ನು ಮಕ್ಕಳಿಂದಲೇ ಮಾಡಿಸಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಈಗಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೂ 3 ಬೈಟ್. ಗುಣಿತದ ಚಿಹ್ನೆ, ಒತ್ತಕ್ಷರಕ್ಕೆ ಬೇಕಾದ ಹಲಂತ, ಎಲ್ಲವೂ ಬೇರೆ ಬೇರೆ ಲೆಕ್ಕ. "ಗದಗ" 9 ಬೈಟ್‌ನಲ್ಲಿ ಮುಗಿಯುತ್ತದೆ. "ಹುಬ್ಬಳ್ಳಿ"ಗೆ 27 ಬೇಕು. ತೀರಾ ಹಳೆಯ 300 ಬಿಪಿಎಸ್ ಮೋಡೆಮ್‌ನಲ್ಲಿ ನಮ್ಮೂರಿನ ಹೆಸರು ದಾಟಲು 0.9 ಸೆಕೆಂಡ್. ಇಲ್ಲಿ 300ನ್ನು 8ರಿಂದಲ್ಲ, 10ರಿಂದ ಭಾಗಿಸಿದ್ದೇನೆ. ಆ ಮೋಡೆಮ್‌ಗಳು ಪ್ರತಿ ಬೈಟ್ ಜತೆ ಅದರ ಆರಂಭ, ಕೊನೆ ಗುರುತಿಸಲು ಒಂದು ಸ್ಟಾರ್ಟ್ ಬಿಟ್, ಒಂದು ಸ್ಟಾಪ್ ಬಿಟ್ ಕಳಿಸುತ್ತಿದ್ದವು. ಮುಂದೆ ವಿ.42 ಅನ್ನೋ ತಪ್ಪು ತಿದ್ದುವ ಪದ್ಧತಿ ಬಂದಾಗ ಫೋನ್ ಲೈನಿನ ಮೇಲೆ ಅವೆರಡರ ಕಾಟ ತಪ್ಪಿತು.

ಪ್ರಶ್ನೆ (ವೇ ಬ್ರಿಜ್ ನಡೆಸುವವರು, ಬ್ಯಾಡಗಿ): ಅಣ್ಣಾ, ನಮ್ಮ ತೂಕದ ಇಂಡಿಕೇಟರ್‌ನಲ್ಲಿ ಬಾಡ್ ರೇಟ್ 9600 ಅಂತಿದೆ. ಇದೂ ಅದೇನಾ? ಹೊಸ ಕಂಪ್ಯೂಟರ್ ಹಾಕಿದ ಮೇಲೆ ತೂಕದ ಬದಲು ಏನೇನೋ ಚಿಹ್ನೆ ಬರ್ತಿವೆ.

ಉತ್ತರ: ಬಾಡ್ ಅಂದರೆ ಸೆಕೆಂಡಿಗೆ ಕಳಿಸುವ ಸಂಕೇತಗಳ ಸಂಖ್ಯೆ. ಇಲ್ಲಿ ಬಾಡ್, ಬಿಟ್ ಎರಡೂ ಒಂದೇ. ಸೆಕೆಂಡಿಗೆ 9600 ಬಿಟ್, ಸ್ಟಾರ್ಟ್-ಸ್ಟಾಪ್ ಸೇರಿ ಒಂದು ಅಕ್ಷರಕ್ಕೆ 10 ಬಿಟ್. ಅಂದರೆ 960 ಅಕ್ಷರ, ಲಾರಿ ತೂಕಕ್ಕೆ ಧಾರಾಳ ಆಯಿತು. ಫೋನ್ ಮೋಡೆಮ್‌ನಲ್ಲಿ ಮಾತ್ರ ಇವೆರಡನ್ನು ಬೆರೆಸಬೇಡಿ. 2400 ಬಿಪಿಎಸ್‌ನ ವಿ.22ಬಿಸ್ ಮೋಡೆಮ್ ಓಡುತ್ತಿದ್ದದ್ದು 600 ಬಾಡ್‌ನಲ್ಲಿ. ಅದು ಒಂದು ಸಂಕೇತದಲ್ಲಿ 4 ಬಿಟ್ ತುಂಬಿ ಕಳಿಸುತ್ತಿತ್ತು.

ನಿಮ್ಮ ಚಿಹ್ನೆಗಳಿಗೆ ಬಹುಶಃ ಸೆಟ್ಟಿಂಗ್ ಕಾರಣ. ಹೊಸ ಕಂಪ್ಯೂಟರ್‌ನ ಕಾಮ್ ಪೋರ್ಟ್‌ನಲ್ಲೂ ತೂಕದ ಸಾಫ್ಟ್‌ವೇರ್‌ನಲ್ಲೂ 9600 ಇದೆಯಾ ನೋಡಿ. ಆಮೇಲೆ ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್, ಮೂರೂ ಇಂಡಿಕೇಟರ್‌ನಲ್ಲಿ ಇರುವಂತೆಯೇ ಇಡಿ. ಆಗಲೂ ಸರಿಹೋಗದಿದ್ದರೆ ಇಂಡಿಕೇಟರ್ ಮೆನುವಿನ ಫೋಟೊ ತೆಗೆದು ಇಲ್ಲೇ ಹಾಕಿ.